ಗುನ್ ಡುನ್ ಗೋ ಡೋ ಪ ಟ

ಹೋದ ವರ್ಷ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ಶನಿವಾರ ಅವಳ ಜೊತೆ ಡ್ರಮ್ ಕ್ಲಾಸಿಗೆ ಹೋದೆ. "ಸುಮ್ನೆ ಕೂತು ನೋಡು ಅಮ್ಮ, ಬೇಜಾರಾದ್ರೆ ಪಕ್ಕದಲ್ಲೇ ಪಾರ್ಕ್ ಇದೆ" ಅಂದಿದ್ದಳು. ನನಗೂ ನೋಡುವುದಷ್ಟೇ ಮನಸ್ಸಿನಲ್ಲಿತ್ತು.

ಹಳೇ ಹಾಲ್ ಅದು. ಹದಿನೈದು ಕುರ್ಚಿ ದುಂಡಗೆ ಹಾಕಿದ್ದರು. ಒಂದೊಂದು ಕುರ್ಚಿಯ ಮುಂದೆ ಒಂದೊಂದು ವಾದ್ಯ. ಜಾಸ್ತಿ ಕೈಯಲ್ಲಿ ಬಾರಿಸುವ ಜೆಂಬೆ ಡ್ರಮ್ಮುಗಳು, ಎರಡು ಮೂರು ಅಶಿಕೊ. ಅಶಿಕೊ ಅಂದರೆ ಮೇಲೆ ಅಗಲವಾಗಿದ್ದು ಕೆಳಗೆ ಹೋಗುತ್ತಾ ಸಣ್ಣಗಾಗುವ ಮರದ ವಾದ್ಯ. ಬಾಯಿಗೆ ಮೇಕೆ ಚರ್ಮ, ಸುತ್ತ ಹಗ್ಗದ ಬಿಗಿ. ಹೇಳಿಕೊಡುವವರು ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ಹೆಂಗಸು. ನನ್ನನ್ನು ನೋಡಿದವರೇ ಒಂದು ಖಾಲಿ ಕುರ್ಚಿ ತೋರಿಸಿದರು. ನಾನು ಕೈಯಾಡಿಸಿ ಬೇಡ ಅಂದೆ. ಅವರು ಬಿಡಲಿಲ್ಲ.

ಎಲ್ಲರೂ ಕೂತ ಮೇಲೆ, ಯಾರೂ ವಾದ್ಯ ಮುಟ್ಟಬೇಡಿ, ಕೈ ತೊಡೆ ಮೇಲಿರಲಿ ಅಂದರು. ಆಮೇಲೆ ನಿಧಾನವಾಗಿ ಬಾಯಲ್ಲಿ ಹೇಳಿದರು: ಗುನ್, ಡುನ್, ಗೋ, ಡೋ, ಪ, ಟ.

ನನಗೆ ಮೈ ಜುಂ ಅಂತು.

ನಮ್ಮಣ್ಣ ಮೃದಂಗ ಕಲಿತವನು. ಮೈಸೂರಿನಲ್ಲಿ ನಮ್ಮ ಮನೆಗೇ ಮೇಷ್ಟ್ರು ಬರುತ್ತಿದ್ದರು. ನಡುಮನೆಯಲ್ಲಿ ಪಾಠ. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳಿಸಿಕೊಳ್ಳುತ್ತಿದ್ದೆ. ತ ದಿ ತೋಂ ನಂ, ತ ದಿ ತೋಂ ನಂ. ಒಂದು ಸಲ ನಾನೂ ಕಲೀತೀನಿ ಅಂದಿದ್ದಕ್ಕೆ ಮೇಷ್ಟ್ರು, ಹೆಣ್ಣುಮಕ್ಕಳ ಬೆರಳು ಒರಟಾಗುತ್ತೆ, ವೀಣೆಗೆ ಹಾಕಿ ಅಂದರು. ಮನೆಯವರೂ ಹೌದು ಅಂದರು. ವೀಣೆಗೂ ಹಾಕಲಿಲ್ಲ. ಆದರೆ ಪಾಠ ಕಿವಿಗೆ ಬೀಳುವುದನ್ನು ಯಾರೂ ತಡೆಯಲಿಲ್ಲವಲ್ಲ. ಅಣ್ಣನ ಕೈಗೆ ಕೂರುವ ಮೊದಲೇ ನನ್ನ ಬಾಯಿಗೆ ಸೊಲ್ಲು ಬಂದಿರುತ್ತಿತ್ತು. ಐವತ್ತು ವರ್ಷದ ಹಿಂದಿನ ಮಾತು.

ಓಕ್ಲ್ಯಾಂಡಿನ ಆ ಟೀಚರ್ ಈ ಪಾಠ ಕಲಿತದ್ದು ಬಾಬಾತುಂಡೆ ಒಲಾತುಂಜಿ ಅವರ ಹತ್ತಿರ. ಕ್ಯಾಲಿಫೋರ್ನಿಯಾದ ಕಡಲ ತೀರದ ಬಿಗ್ ಸರ್‌ನಲ್ಲಿರುವ ಎಸಲೆನ್ ಅನ್ನುವ ಸಂಸ್ಥೆಯಲ್ಲಿ ಒಲಾತುಂಜಿ ನಡೆಸುತ್ತಿದ್ದ ಶಿಬಿರಗಳಿಗೆ ಹೋಗಿದ್ದರಂತೆ. ಹಾಲಿನ ಗೋಡೆ ಮೇಲೆ ಅವರದೊಂದು ಫೋಟೋ ಇತ್ತು. ಅಗಲವಾದ ನಗು, ತಲೆಗೆ ಟೋಪಿ, ಉದ್ದನೆ ಅಂಗಿ. ಆ ಹೆಸರು ನಾನು ಅವತ್ತೇ ಮೊದಲು ಕೇಳಿದ್ದು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಕೇಳಿದೆ.

ಒಲಾತುಂಜಿ ಹುಟ್ಟಿದ್ದು 1927ರಲ್ಲಿ, ನೈಜೀರಿಯಾದ ಬಡಾಗ್ರಿ ಹತ್ತಿರದ ಅಜಿಡೊ ಅನ್ನುವ ಮೀನುಗಾರರ ಊರಿನಲ್ಲಿ. ತಂದೆ ಇವರು ಹುಟ್ಟುವ ಮೊದಲೇ ತೀರಿಹೋಗಿದ್ದರು. ಅಲ್ಲಿಯ ಜನರಲ್ಲಿ ಹಬ್ಬ, ಮದುವೆ, ಸಾವು ಯಾವುದಕ್ಕೂ ವಾದ್ಯ ಇಲ್ಲದೆ ಆಗುವುದಿಲ್ಲ, ಹಾಗಾಗಿ ಬಾರಿಸುವುದು ಹುಡುಗನಿಗೆ ಊರಿನಿಂದಲೇ ಬಂತು. 1950ರಲ್ಲಿ ರೋಟರಿಯವರ ವಿದ್ಯಾರ್ಥಿವೇತನ ಸಿಕ್ಕಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಬಂದರು. ಬಂದಿದ್ದು ಡ್ರಮ್ ಬಾರಿಸಲಿಕ್ಕಲ್ಲ. ರಾಜತಂತ್ರಜ್ಞ ಆಗಬೇಕು ಅಂತ ಆಸೆ. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದ್ದೂ ಸಾರ್ವಜನಿಕ ಆಡಳಿತ ಓದಲಿಕ್ಕೆ.

ಮೋರ್‌ಹೌಸ್ ಕಪ್ಪು ವಿದ್ಯಾರ್ಥಿಗಳ ಕಾಲೇಜು. ಅಲ್ಲಿಯ ಹುಡುಗರಿಗೂ ಆಫ್ರಿಕಾ ಅಂದರೆ ಸಿನಿಮಾದಲ್ಲಿ ನೋಡಿದ ಕಾಡು, ಸಿಂಹ, ಟಾರ್ಜನ್, ಅಷ್ಟೇ. ಅವರ ಅಜ್ಜ ಮುತ್ತಜ್ಜಂದಿರನ್ನು ಹಡಗಿಗೆ ತುಂಬಿ ಸಾಗಿಸಿದ ರೇವುಗಳಲ್ಲಿ ಬಡಾಗ್ರಿಯೂ ಒಂದು. ಆ ರೇವಿನ ಪಕ್ಕದ ಊರಿಂದ ಬಂದ ಹುಡುಗನನ್ನು ಅವರು, ನಿಮ್ಮೂರಲ್ಲಿ ಸಿಂಹ ಬೀದಿಯಲ್ಲೇ ಓಡಾಡುತ್ತಾ ಅಂತ ಕೇಳುತ್ತಿದ್ದರು. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಒಲಾತುಂಜಿ ಸಿಟ್ಟು ಮಾಡಿಕೊಳ್ಳಲಿಲ್ಲ. ಕಾಲೇಜಿನ ಕೂಟಗಳಲ್ಲಿ ಡ್ರಮ್ ಬಾರಿಸಿ, ಹಾಡಿ, ಕುಣಿದು ತಮ್ಮ ಊರನ್ನು ಪರಿಚಯ ಮಾಡಿಕೊಟ್ಟರು.

ನ್ಯೂಯಾರ್ಕಿನಲ್ಲಿ ಖರ್ಚಿಗೆ ಅಂತ ಕಟ್ಟಿದ ಸಣ್ಣ ತಂಡವೇ ಬದುಕಾಯಿತು. 1958ರಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ನುಡಿಸಿದರು. 1960ರಲ್ಲಿ ಕೊಲಂಬಿಯಾ ಕಂಪನಿ ಅವರ 'ಡ್ರಮ್ಸ್ ಆಫ್ ಪ್ಯಾಶನ್' ತಟ್ಟೆ ತಂದಿತು. ಡ್ರಮ್ಮು, ಹಾಡು, ಕೂಗು ಬಿಟ್ಟು ಬೇರೇನೂ ಇಲ್ಲದ ರೆಕಾರ್ಡು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿದ್ದ ಒಂದು ಹಾಡನ್ನೇ 1969ರಲ್ಲಿ ಸಂತಾನಾ ತಂಡ 'ಜಿಂಗೋ' ಅಂತ ನುಡಿಸಿ ಎಲ್ಲರ ಬಾಯಿಗೆ ತಂದಿತು. ಜಾಝ್ ದೊರೆ ಜಾನ್ ಕೋಲ್ಟ್ರೇನ್ ಇವರ ಹೆಸರಿನಲ್ಲೇ 'ತುಂಜಿ' ಅಂತ ಒಂದು ಕೃತಿ ಮಾಡಿದರು. ಒಲಾತುಂಜಿ ಹಾರ್ಲೆಮ್‌ನ 125ನೇ ಬೀದಿಯಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಆಫ್ರಿಕಾದ ಕುಣಿತ, ವಾದ್ಯ, ಭಾಷೆ ಕಲಿಸುವ ಕೇಂದ್ರ ತೆರೆದಾಗ ಕೋಲ್ಟ್ರೇನ್ ಹಣವನ್ನೂ ಕೊಟ್ಟರು. 1967ರ ಏಪ್ರಿಲ್ 23ರಂದು ಅಲ್ಲೇ ಬಂದು ನುಡಿಸಿದರು. ಮೂರು ತಿಂಗಳು ತುಂಬುವ ಮೊದಲೇ ಕೋಲ್ಟ್ರೇನ್ ಇಲ್ಲವಾದರು. ಅವರ ಕಛೇರಿಗಳಲ್ಲಿ ರೆಕಾರ್ಡ್ ಆಗಿ ಉಳಿದ ಕೊನೆಯದು ಅದೇ.

ಇಷ್ಟೆಲ್ಲ ಇದ್ದರೂ, ನನ್ನನ್ನು ಕೇಳಿದರೆ ಒಲಾತುಂಜಿ ಬಿಟ್ಟುಹೋದ ಆಸ್ತಿ ಆ ಆರು ಸೊಲ್ಲು. ಅವತ್ತು ನಾನು ಕೈಯಾರೆ ನೋಡಿದ್ದು ಅದನ್ನೇ.

ಗುನ್ ಅಂದರೆ ಬಲಗೈ, ಅಂಗೈ ಪೂರ್ತಿ ಚರ್ಮದ ನಡುವೆ ಬೀಳಬೇಕು. ಡುನ್ ಅದೇ ನಾದ, ಎಡಗೈ. ಗೋ, ಡೋ ಅಂದರೆ ಬೆರಳು ಸೇರಿಸಿ ಅಂಚಿನ ಹತ್ತಿರ, ಬಲ ಆದಮೇಲೆ ಎಡ. ಪ, ಟ ಅಂದರೆ ಅಂಚಿನಲ್ಲೇ ಬೆರಳು ಸಡಿಲ ಬಿಟ್ಟು ಚಟ್ ಅನ್ನಿಸುವುದು. ನಮ್ಮ ಮೃದಂಗದಲ್ಲಿ ಒಂದೇ ಹೊಡೆತಕ್ಕೆ, ಅದು ಪಾಠದಲ್ಲಿ ಬರುವ ಜಾಗ ನೋಡಿಕೊಂಡು, ಬೇರೆ ಬೇರೆ ಹೆಸರು ಬರುತ್ತೆ. ಗುರು ತೋರಿಸದೆ ಅದು ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಯಾವ ಕೈ, ಎಂಥ ನಾದ, ಎರಡೂ ಒಂದೇ ಅಕ್ಷರದಲ್ಲಿದೆ. ಬಾಯಲ್ಲಿ ಹೇಳಲು ಬಂದರೆ ಕೈಗೆ ದಾರಿ ಗೊತ್ತಾಗುತ್ತೆ. ಯಾವತ್ತೂ ವಾದ್ಯ ಮುಟ್ಟದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಾಠ ಅದು ಅನ್ನಿಸಿತು.

ಹತ್ತು ನಿಮಿಷ ಬಾಯಲ್ಲೇ ಹೇಳಿಸಿದರು. ಆಮೇಲೆ ಕೈ. ನನ್ನ ಮೊದಲ ಗುನ್ ಮಂಕಾಗಿ ಬಿತ್ತು. ಟೀಚರ್ ಬಂದು ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿ ಬಿಟ್ಟರು. ಬಿದ್ದ ಕೈ ಅಲ್ಲೇ ಕೂರಬಾರದು, ಬಿಸಿ ಹೆಂಚು ಮುಟ್ಟಿದ ಹಾಗೆ ತಕ್ಷಣ ಏಳಬೇಕು. ಎರಡನೇ ಸಲ ಎತ್ತಿದೆ. ಕುರ್ಚಿಯ ಕಾಲಿಂದ ನನ್ನ ಅಂಗಾಲಿನವರೆಗೆ ಆ ನಾದ ಬಂತು. ಮಗಳು ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಗುನ್, ಗೋ ಡೋ, ಪ ಟ. ಗುನ್, ಗೋ ಡೋ, ಪ ಟ.

ವಾಪಸ್ ಬರುವಾಗ ಕಾರಿನಲ್ಲಿ ಮಗಳು ಇನ್ನೊಂದು ವಿಷಯ ಹೇಳಿದಳು. 1985ರ ಡಿಸೆಂಬರ್ 31ರ ರಾತ್ರಿ ಇದೇ ಓಕ್ಲ್ಯಾಂಡಿನಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡದ ಕಾರ್ಯಕ್ರಮದಲ್ಲಿ ಒಲಾತುಂಜಿ ನುಡಿಸಿದ್ದರು. ಆ ತಂಡದ ಡ್ರಮ್ ವಾದಕ ಮಿಕ್ಕಿ ಹಾರ್ಟ್ 1991ರಲ್ಲಿ ಮಾಡಿದ 'ಪ್ಲಾನೆಟ್ ಡ್ರಮ್' ಅನ್ನುವ ರೆಕಾರ್ಡಿನಲ್ಲಿ ಒಲಾತುಂಜಿ ಜೊತೆ ನಮ್ಮ ಜಾಕಿರ್ ಹುಸೇನ್ ಇದ್ದಾರೆ, ಘಟದ ವಿಕ್ಕು ವಿನಾಯಕರಾಮ್ ಇದ್ದಾರೆ. ವಿಶ್ವ ಸಂಗೀತಕ್ಕೆ ಅಂತ ಕೊಟ್ಟ ಮೊಟ್ಟಮೊದಲ ಗ್ರ್ಯಾಮಿ ಅದಕ್ಕೇ ಬಂತು. ವಿಕ್ಕು ಅವರ ಶಿಷ್ಯೆ ನಮ್ಮ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್. ಹೆಣ್ಣುಮಗಳು ಘಟ ನುಡಿಸೋದಾ ಅಂತ ಕೇಳುತ್ತಿದ್ದ ಕಾಲದಲ್ಲಿ ಘಟ ಹಿಡಿದು ಕೂತವರು. ಅವರ ಕಛೇರಿ ನಾನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರ ಬೆರಳನ್ನೇ ನೋಡುತ್ತಾ ಕೂತಿದ್ದೆ.

ಒಲಾತುಂಜಿ 2003ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ತೀರಿಕೊಂಡರು. ಮಾರನೇ ದಿನಕ್ಕೆ ಎಪ್ಪತ್ತಾರು ತುಂಬುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೈಸೂರಿನಲ್ಲಿ ಬೆಳಗಾಗಿತ್ತು. ಅಣ್ಣನಿಗೆ ಫೋನ್ ಮಾಡಿದೆ. ಅವನು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಮೃದಂಗ ಅಟ್ಟ ಸೇರಿತ್ತು. "ಅಣ್ಣ, ನಾನೊಂದು ಪಾಠ ಕಲಿತೆ, ಕೇಳು" ಅಂದು ಬಾಯಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಇದರಲ್ಲಿ ಎಡಗೈ ಯಾವ್ದೇ?"

"ಡುನ್, ಡೋ, ಟ."

ಆ ಕಡೆ ಕಾಫಿ ಲೋಟ ಪಕ್ಕಕ್ಕೆ ಸರಿಸಿದ ಸದ್ದಾಯಿತು. ಆಮೇಲೆ ಟೇಬಲ್ ಮೇಲೆ ಅಂಗೈ ಬಿತ್ತು, ಬೆರಳು ಬಿತ್ತು. ಎರಡು ಸಲ ತಪ್ಪಿದ.

"ಇನ್ನೊಂದ್ಸಲ ಹೇಳು, ನಿಧಾನಕ್ಕೆ" ಅಂದ.

ಹೇಳಿದೆ. ಅವನು ಬಾರಿಸಿದ.