ಒಂದೇ ಸ್ಟ್ರಿಪ್‌ನ ಮಾತ್ರೆ

ಕಳೆದ ಡಿಸೆಂಬರ್‌ನ ಒಂದು ರಾತ್ರಿ, ಎರಡೂವರೆ ಇರಬೇಕು, ಅಪ್ಪ ನನ್ನ ಕೋಣೆಯ ಬಾಗಿಲು ತಟ್ಟಿದರು. ಅಪ್ಪ ರಾತ್ರಿ ಹೊತ್ತು ಬಾಗಿಲು ತಟ್ಟಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅವರಿಗೆ ಹೃದಯದ ಪಂಪಿಂಗ್ ಕಮ್ಮಿ. 2021ರಲ್ಲಿ ಮೈಸೂರಿನಲ್ಲಿ ಎದೆಗೆ, ಹೃದಯದ ಬಡಿತ ಸರಿಮಾಡುವ ಮೂರು ತಂತಿಯ ಮಶೀನು ಹಾಕಿಸಿದ್ದೇವೆ. ಓಡಿ ಬಂದು ಬಾಗಿಲು ತೆಗೆದರೆ, 'ನನಗೇನೂ ಆಗಿಲ್ಲ ಕಣಮ್ಮ, ಚುಕ್ಕಿ ನೋಡು ಬಾ' ಅಂದರು.

ಚುಕ್ಕಿ ನಮ್ಮನೆ ನಾಯಿ. ಪಾಮೇರಿಯನ್ ಜಾತಿ, ಹನ್ನೊಂದು ವರ್ಷ, ಏಳು ಕೆಜಿ. ಹಾಲ್‌ನಲ್ಲಿ ತನ್ನ ಗೋಣಿಚೀಲದ ಮೇಲೆ ಕೂತಿದ್ದಳು. ಮುಂಗಾಲು ಎರಡನ್ನೂ ಅಗಲ ಮಾಡಿಕೊಂಡು, ಕತ್ತು ಮುಂದಕ್ಕೆ ಚಾಚಿಕೊಂಡು, ಬಾಯಿ ಬಿಟ್ಟು ಉಸಿರು ಎಳೀತಾ ಇದ್ದಳು. ಮಲಗೋಕೆ ಹೋಗುವಳು, ಅರ್ಧಕ್ಕೇ ಮತ್ತೆ ಎದ್ದು ಕೂರುವಳು. ಅಪ್ಪ ಅವಳ ಪಕ್ಕ ನೆಲಕ್ಕೇ ಕೂತರು. 'ನನಗೆ ಆಪರೇಷನ್‌ಗೆ ಮುಂಚೆ ಹೀಗೇ ಆಗ್ತಿತ್ತು. ಮಲಗಿದ್ರೆ ನೀರಲ್ಲಿ ಮುಳುಗಿದ ಹಾಗೆ. ಇವಳಿಗೂ ಅದೇ ಆಗ್ತಿದೆ ನೋಡು.'

ಒಂದು ತಿಂಗಳಿಂದ ಚುಕ್ಕಿಗೆ ಕೆಮ್ಮು ಇತ್ತು. ಒಂದು ಕ್ಲಿನಿಕ್‌ಗೆ ಎರಡು ಸಲ ತೋರಿಸಿದ್ದೆ. ಚಳಿಗೆ ಆಗಿದೆ ಅಂತ ಕೆಮ್ಮಿನ ಸಿರಪ್ ಬರೆದುಕೊಟ್ಟರು. ಎರಡು ಸಲವೂ ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ನಾನು ಹದಿನಾರು ವರ್ಷದಿಂದ ಹಾಸನದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ, ರಾತ್ರಿ ಮಲಗಿದಾಗ ಬರುವ ಕೆಮ್ಮು ಅಂದರೆ ಮನುಷ್ಯರಿಗಾದರೆ ಡಾಕ್ಟರಿಗೆ ತೋರಿಸಿ ಅಂತ ನಾನೇ ಹೇಳುತ್ತೇನೆ, ಆದರೆ ಚುಕ್ಕಿ ವಿಷಯದಲ್ಲಿ ನನಗೂ ಅದು ಹೊಳೆಯಲಿಲ್ಲ. ಅದು ಇವತ್ತಿಗೂ ನೋವು.

ಅಂಗಡಿಗೆ ಬರುವ ಒಬ್ಬ ಪಶುವೈದ್ಯರ ನಂಬರ್ ನನ್ನ ಹತ್ತಿರ ಇತ್ತು. ಅಷ್ಟು ಹೊತ್ತಲ್ಲಿ ಮಾಡಬಾರದು ಅನಿಸಿದರೂ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. 'ಮೇಡಂ, ಮೊದಲು ಉಸಿರು ಎಣಿಸಿ. ಎದೆ ಒಂದು ಸಲ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ' ಅಂದರು. ಎಣಿಸಿದೆ, 58 ಬಂತು. ನಿದ್ದೆಯಲ್ಲಾಗಲಿ, ಆರಾಮಾಗಿ ಮಲಗಿದ್ದಾಗಾಗಲಿ ನಾಯಿಗೆ ನಿಮಿಷಕ್ಕೆ 30ರೊಳಗೆ ಇರಬೇಕಂತೆ. 'ಮನೇಲಿ ಲ್ಯಾಸಿಕ್ಸ್ ಇದ್ಯಾ?' ಅಂತ ಕೇಳಿದರು. 'ಅಪ್ಪಂದು ಇದೆ ಸಾರ್, 40.' ತೂಕ ಕೇಳಿದರು, ಮೂತ್ರ ಸರಿಯಾಗಿ ಹೋಗ್ತಿದ್ಯಾ ಕೇಳಿದರು. ಆಮೇಲೆ, 'ಅರ್ಧ ಕೊಡಿ. ಬೆಳಕಾಗ್ತಿದ್ದ ಹಾಗೆ ಕರ್ಕೊಂಡು ಬನ್ನಿ' ಅಂದರು.

ಅಪ್ಪನೇ ತಮ್ಮ ಸ್ಟ್ರಿಪ್ ತಂದರು. ಮಾತ್ರೆಯ ನಡುವಿನ ಗೆರೆಯ ಮೇಲೆ ಎರಡೂ ಹೆಬ್ಬೆರಳು ಇಟ್ಟು ಚಟ್ಟನೆ ಮುರಿದರು. ಅರ್ಧ ಚುಕ್ಕಿಯ ನಾಲಿಗೆ ಹಿಂದೆ ಇಟ್ಟು ಗಂಟಲು ನೀವಿದರು. ಇನ್ನರ್ಧವನ್ನು ಸ್ಟ್ರಿಪ್‌ನ ಆ ಗೂಡಿಗೇ ವಾಪಸ್ ಸೇರಿಸಿ ಪೇಪರ್ ಮಡಚಿದರು. ಇದು ನೀರಿನ ಮಾತ್ರೆ. ಮೈಯಲ್ಲಿ, ಶ್ವಾಸಕೋಶದಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮುಕ್ಕಾಲು ಗಂಟೆಗೆ ಚುಕ್ಕಿ ಬಾಗಿಲ ಹತ್ತಿರ ಹೋಗಿ ನಿಂತಳು. ಆ ಚಳಿಯಲ್ಲಿ, ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ಮೂರು ಸಲ ಹೊಯ್ದಳು. ನಾಲ್ಕು ಗಂಟೆಗೆ ಉಸಿರು 44ಕ್ಕೆ ಇಳಿಯಿತು, ಐದಕ್ಕೆ ಗಲ್ಲ ನೆಲಕ್ಕೆ ಊರಿ ಮಲಗಿದಳು.

ಬೆಳಿಗ್ಗೆ ಸಾಲಗಾಮೆ ರಸ್ತೆಯಲ್ಲಿ ಎದುರಿನ ಗಾಡಿ ಕಾಣದಷ್ಟು ಮಂಜು. ಆಟೋದಲ್ಲಿ ಅಪ್ಪನೂ ಬಂದರು, ಬೇಡ ಅಂದರೂ ಕೇಳಲಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ಅದನ್ನು ನನ್ನ ಕಿವಿಗೇ ಹಾಕಿದರು. ಲಬ್ ಡಬ್ ಅಲ್ಲ, ಸ್ಸ್ ಸ್ಸ್ ಅಂತ ಪೈಪು ಸೋರುವ ಸದ್ದು. ಹೃದಯದ ಎಡಗಡೆಯ ಮೈಟ್ರಲ್ ಕವಾಟ ವಯಸ್ಸಾದ ಹಾಗೆ ದಪ್ಪಗಾಗಿ ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುತ್ತದೆ. ಸಣ್ಣ ಜಾತಿಯ ವಯಸ್ಸಾದ ನಾಯಿಗಳಲ್ಲಿ ಇದೇ ಜಾಸ್ತಿಯಂತೆ. ಎಕ್ಸ್‌ರೇಯಲ್ಲಿ ಹೃದಯ ಹಿಗ್ಗಿ ಶ್ವಾಸನಾಳವನ್ನು ಮೇಲಕ್ಕೆ ತಳ್ಳಿತ್ತು.

ಫ್ಯೂರೊಸೆಮೈಡ್, ಅಂದರೆ ಅದೇ ಲ್ಯಾಸಿಕ್ಸ್. ಎನಾಲಾಪ್ರಿಲ್. ಸ್ಪೈರೊನೊಲ್ಯಾಕ್ಟೋನ್. ಪಿಮೊಬೆಂಡನ್. ಚೀಟಿ ನೋಡಿ ನಾನು, 'ಸಾರ್, ಇದರಲ್ಲಿ ಮೂರು ಅಪ್ಪ ತಗೊಳ್ಳೋದೇ' ಅಂದೆ. ಅಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಎಡ ಭುಜದ ಕೆಳಗೆ ಉಬ್ಬಿಕೊಂಡಿರುವ ಮಶೀನು ತೋರಿಸಿದರು. ಡಾಕ್ಟರು ನಕ್ಕು, 'ಯಜಮಾನ್ರೇ, ನಿಮ್ಮ ಈ ಮಶೀನನ್ನೂ ಮೊದಲು ನಾಯಿಗಳಿಗೇ ಹಾಕಿ ನೋಡಿದ್ದು' ಅಂದರು. ಅಪ್ಪ ಗುಂಡಿ ಹಾಕಿಕೊಳ್ಳೋದು ಬಿಟ್ಟು ಅವರ ಮುಖ ನೋಡಿದರು. 'ನಾಯಿಗಾ?'

ಆ ಒಂದು ಮಾತು ನನ್ನನ್ನೂ ಬಿಡಲಿಲ್ಲ. ಆಮೇಲೆ ಎಷ್ಟೋ ರಾತ್ರಿ ಚುಕ್ಕಿಯ ಉಸಿರು ಎಣಿಸುತ್ತಾ ಮೊಬೈಲ್‌ನಲ್ಲಿ ಓದಿದೆ. 1958ರ ಮೇ 7ರಂದು ಅಮೆರಿಕದ ಬಫಲೋದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಂಜಿನಿಯರ್ ತಾನು ಮಾಡಿದ ಪುಟ್ಟ ಪೇಸ್‌ಮೇಕರ್‌ನ ತಂತಿಗಳನ್ನು ಮುಟ್ಟಿಸಿದ್ದು ಒಂದು ನಾಯಿಯ ಹೃದಯಕ್ಕೆ. ಆ ಹೃದಯ ಮಶೀನು ಹೇಳಿದ ಹಾಗೆ ಬಡಿಯಿತು. ಅಪ್ಪನ ಮಶೀನಿಗೆ ಶಾಕ್ ಕೊಡುವ ಶಕ್ತಿಯೂ ಇದೆ. ಅಂಥದ್ದನ್ನು ಮೊದಲು ಕಟ್ಟಿದ ಮಿರೋವ್ಸ್ಕಿ ಎಂಬ ವೈದ್ಯರ ತಂಡದವರು 1980ರಲ್ಲಿ ಮನುಷ್ಯರಿಗೆ ಹಾಕುವ ಮುಂಚೆ ನಾಯಿಗಳಲ್ಲೇ ನೋಡಿದ್ದರು. ಕುಸಿದು ಬಿದ್ದ ನಾಯಿ ಶಾಕ್ ಆದ ಮೇಲೆ ಎದ್ದು ಬಾಲ ಅಲ್ಲಾಡಿಸಿದ್ದನ್ನು ಚಿತ್ರೀಕರಿಸಿ ಬೇರೆ ವೈದ್ಯರಿಗೆ ತೋರಿಸಿದ್ದರಂತೆ.

ಇನ್ನು ಮೂರು ತಂತಿಯ ವಿಷಯ. ಅಪ್ಪನ ಹೃದಯದ ಎರಡು ಪಕ್ಕ ಒಟ್ಟಿಗೆ ಹಿಂಡುತ್ತಿರಲಿಲ್ಲ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರ ಲಯ ತಪ್ಪಿದರೆ ಹೇಗಾಗುತ್ತದೆ, ಹಾಗೆ. ಮೂರು ತಂತಿ ಆ ಲಯವನ್ನು ಸರಿ ಮಾಡುತ್ತವೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಚೆನ್ನಾಗಿರುವ ನಾಯಿಯ ಹೃದಯದ ಎಡಗಡೆಯ ವಿದ್ಯುತ್ ದಾರಿಯನ್ನು ಸುಟ್ಟು, ನಿಮಿಷಕ್ಕೆ 200 ಸಲ ಬಡಿಯುವ ಹಾಗೆ ವಾರಗಟ್ಟಲೆ ಓಡಿಸಿ, ಹೃದಯ ಸೋತ ಮೇಲೆ ಎರಡೂ ಕಡೆ ಒಟ್ಟಿಗೆ ಬಡಿಸಿ ನೋಡುತ್ತಿದ್ದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹಾನಿ ಸಬ್ಬಾ ಎಂಬ ಸಂಶೋಧಕರ ತಂಡ 1991ರಲ್ಲಿ ಇನ್ನೊಂದು ವಿಧಾನ ಬರೆಯಿತು. ಹೃದಯದ ರಕ್ತನಾಳಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ಬಿಡುವುದು, ಒಂದು ಸಲ ಅಲ್ಲ, ವಾರ ಬಿಟ್ಟು ವಾರ, ಪಂಪಿಂಗ್ 35 ಪರ್ಸೆಂಟ್‌ಗಿಂತ ಕೆಳಗೆ ಬರುವವರೆಗೆ. ಅಂಥ ನಾಯಿಗಳಿಗೆ ಮೂರು ತಿಂಗಳು ಔಷಧ ಕೊಟ್ಟು 1994ರಲ್ಲಿ ಫಲಿತಾಂಶ ಬರೆದರು. ಎನಾಲಾಪ್ರಿಲ್, ಮೆಟೊಪ್ರೊಲಾಲ್ ಕೊಟ್ಟ ನಾಯಿಗಳ ಹೃದಯ ಇನ್ನಷ್ಟು ಹಿಗ್ಗುವುದು ನಿಂತಿತ್ತು. ಎರಡೂ ಅಪ್ಪನ ಡಬ್ಬಿಯಲ್ಲಿವೆ. ಎರಡನ್ನೂ ನಾನು ದಿನಾ ಕೌಂಟರ್‌ನಲ್ಲಿ ಕೊಡುತ್ತೇನೆ.

ಇದನ್ನು ಓದುವಾಗ ಚುಕ್ಕಿ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದಳು. ಮುಂದೆ ಓದಲು ಆಗಲಿಲ್ಲ. ನಮ್ಮ ಚುಕ್ಕಿಗೆ ಕಾಯಿಲೆ ತಾನಾಗಿ ಬಂತು. ಆ ನಾಯಿಗಳಿಗೆ ಬರಿಸಿದ್ದು.

ನಾಯಿಯಲ್ಲಿ ಸರಿಹೋದದ್ದೆಲ್ಲ ಮನುಷ್ಯರಿಗೆ ಸರಿಹೋಗುತ್ತದೆ ಅಂತಲೂ ಇಲ್ಲ. ಸೋತ ಹೃದಯಕ್ಕೆ ಅಂತ ಕತ್ತಿನ ವೇಗಸ್ ನರಕ್ಕೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ ನಾಯಿಗಳಲ್ಲಿ ಒಳ್ಳೆ ಫಲ ಕೊಟ್ಟಿತ್ತು. 707 ಜನರ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂದಾಗ ಸಾವೂ ಕಮ್ಮಿಯಾಗಿರಲಿಲ್ಲ, ಕಾಯಿಲೆ ಉಲ್ಬಣಿಸುವುದೂ ಕಮ್ಮಿಯಾಗಿರಲಿಲ್ಲ. ಪಿಮೊಬೆಂಡನ್‌ನದು ಇದರ ಉಲ್ಟಾ. ಜಪಾನ್ ಬಿಟ್ಟರೆ ಮನುಷ್ಯರಲ್ಲಿ ಅದು ಅಷ್ಟಾಗಿ ಬಳಕೆಗೆ ಬರಲಿಲ್ಲ, ನಾಯಿಗಳಿಗೆ ಮಾತ್ರ ವರ ಆಯಿತು. ನಮ್ಮ ಅಂಗಡಿಯಲ್ಲೂ ಇರಲಿಲ್ಲ, ಬೆಂಗಳೂರಿನಿಂದ ತರಿಸಿದೆ.

ಈ ಔಷಧದ ಪರೀಕ್ಷೆಗಳನ್ನು ಓದಿದಾಗ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯಿತು. ನಾನು ಓದಿದವುಗಳಲ್ಲಿ ಯಾವ ನಾಯಿಗೂ ಕಾಯಿಲೆ ಬರಿಸಿರಲಿಲ್ಲ. ಚುಕ್ಕಿಯ ಹಾಗೆ ಕಾಯಿಲೆ ಬಂದ, ಮನೆಯಲ್ಲೇ ಇರುವ ಸಾಕುನಾಯಿಗಳು, ಸಾಕಿದವರ ಒಪ್ಪಿಗೆ ಪಡೆದು ಮಾಡಿದ್ದು. 2016ರಲ್ಲಿ ಬಂದ ಎಪಿಕ್ ಎಂಬ ಅಧ್ಯಯನದಲ್ಲಿ 360 ನಾಯಿಗಳಿದ್ದವು. ಕವಾಟ ಸೋರಿ ಹೃದಯ ಹಿಗ್ಗಿದೆ, ಆದರೆ ಉಸಿರಾಟದ ತೊಂದರೆ ಇನ್ನೂ ಶುರುವಾಗಿಲ್ಲ, ಅಂಥವು. ಸುಮ್ನೆ ಔಷಧವಿಲ್ಲದ ಮಾತ್ರೆ ತಗೊಂಡವುಗಳಲ್ಲಿ ಅರ್ಧದಷ್ಟು 766 ದಿನಕ್ಕೆ ಹಾರ್ಟ್ ಫೇಲ್ಯೂರ್‌ಗೋ ಹೃದಯದ ಸಾವಿಗೋ ತಲುಪಿದವು. ಪಿಮೊಬೆಂಡನ್ ತಗೊಂಡವುಗಳಲ್ಲಿ ಅದೇ ಹಂತ ಬಂದದ್ದು 1228 ದಿನಕ್ಕೆ. ಹದಿನೈದು ತಿಂಗಳ ವ್ಯತ್ಯಾಸ. ನಾಯಿಯ ಆಯಸ್ಸಿನಲ್ಲಿ ಹದಿನೈದು ತಿಂಗಳು ಅಂದರೆ ಎಷ್ಟು, ಅಲ್ವಾ? ಓದಿದ ಮೇಲೆ ಆ ಸಿರಪ್ ಬಾಟಲಿ ನೆನಪಾಗಿ ಹೊಟ್ಟೆ ಉರಿಯಿತು. ಒಂದೆರಡು ವರ್ಷ ಮುಂಚೆಯೇ ಯಾರಾದರೂ ಎದೆಗೆ ಕಿವಿಗೊಟ್ಟಿದ್ದರೆ ಆ ಸೋರುವ ಸದ್ದು ಆಗಲೇ ಕೇಳಿರುತ್ತಿತ್ತೋ ಏನೋ. ವಯಸ್ಸಾದ ಸಣ್ಣ ನಾಯಿ ಸಾಕಿರುವವರು ಲಸಿಕೆಗೆ ಹೋದಾಗ ದಯವಿಟ್ಟು ಎದೆಯನ್ನೂ ನೋಡಿಸಿ. ಮತ್ತೆ, ನಿಮ್ಮ ಮಾತ್ರೆಯನ್ನು ನೀವಾಗಿಯೇ ನಾಯಿಗೆ ಕೊಡಬೇಡಿ. ಆ ರಾತ್ರಿ ನಾವು ಕೊಟ್ಟಿದ್ದು ಡಾಕ್ಟರು ತೂಕ ಕೇಳಿ ಹೇಳಿದ ಮೇಲೆ.

ಒಂದು ಭಾನುವಾರ ಅವರೆಕಾಳು ಸುಲಿಯುತ್ತಾ ಕೂತಿದ್ದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಮಣಿ ಬಿಡುವ ವಿಷಯ ಹೇಳೋದೋ ಬೇಡವೋ ಅನಿಸಿತು, ಕೊನೆಗೆ ಹೇಳಿಬಿಟ್ಟೆ. ಅಪ್ಪನ ಕೈ ನಿಂತಿತು. ತುಂಬಾ ಹೊತ್ತು ಸುಮ್ಮನಿದ್ದು, 'ಅವಕ್ಕೆ ಹೆಸರು ಇಟ್ಟಿದ್ರಾ?' ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮೊದಲೆಲ್ಲ ಅಪ್ಪ ಕದ್ದುಮುಚ್ಚಿ ಚುಕ್ಕಿಗೆ ಹಪ್ಪಳದ ಚೂರು ಹಾಕುತ್ತಿದ್ದರು, ತಾವೂ ತಿನ್ನುತ್ತಿದ್ದರು. ಇಬ್ಬರಿಗೂ ಉಪ್ಪು ವರ್ಜ್ಯ ಅಂತ ನಾನು ಕೂಗಾಡುತ್ತಿದ್ದೆ. ಆವತ್ತಿನಿಂದ ಹಪ್ಪಳದ ಡಬ್ಬಿ ಮುಟ್ಟಿಲ್ಲ. ಚುಕ್ಕಿಯ ಉಸಿರು ಎಣಿಸುವ ಕೆಲಸವನ್ನೂ ಅವರೇ ತಗೊಂಡರು. ರಾತ್ರಿ ಒಂಬತ್ತೂವರೆಗೆ ಕನ್ನಡಕ ಹಾಕಿ, ಗೋಡೆ ಗಡಿಯಾರ ನೋಡಿಕೊಂಡು ಎಣಿಸಿ, ಹಳೇ ಡೈರಿಯಲ್ಲಿ ಬರೆಯುತ್ತಾರೆ. 24. 26. 25. ಎರಡು ದಿನ ಒಂದೇ ಸಮ 30 ದಾಟಿದರೆ ಡಾಕ್ಟರಿಗೆ ಫೋನ್.

ಹೋದ ತಿಂಗಳು ಮಶೀನು ಚೆಕ್ ಮಾಡಿಸೋಕೆ ಮೈಸೂರಿಗೆ ಹೋಗಿದ್ದೆವು. ಎಲ್ಲ ಮುಗಿದು ಏಳುವಾಗ ಅಪ್ಪ ಕೇಳಿದರು, 'ಸಾರ್, ನಾನು ಹೋದ ಮೇಲೆ ಇದನ್ನ ಏನು ಮಾಡ್ತಾರೆ?' ಚಿತೆಗೆ ಇಡುವ ಮುಂಚೆ ತೆಗೆಸಲೇಬೇಕು, ಇಲ್ಲದಿದ್ದರೆ ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ ಅಂದರು ಡಾಕ್ಟರು. 'ತೆಗೆದದ್ದನ್ನ ನಾಯಿಗೆ ಹಾಕಬಹುದಾ?' ಡಾಕ್ಟರು ಪೆನ್ನು ಕೆಳಗಿಟ್ಟರು. ಹೊರದೇಶಗಳಲ್ಲಿ ಮನುಷ್ಯರಿಂದ ತೆಗೆದ ಪೇಸ್‌ಮೇಕರ್‌ಗಳನ್ನು ನಾಯಿಗಳಿಗೆ ಹಾಕುವುದುಂಟು. ಅಮೆರಿಕದಲ್ಲಿ 1967ರಷ್ಟು ಹಿಂದೆಯೇ, ಹೃದಯ ತೀರಾ ನಿಧಾನವಾಗಿ ಬಡಿಯುತ್ತಿದ್ದ ಒಂದು ಸಾಕುನಾಯಿಗೆ ಪೇಸ್‌ಮೇಕರ್ ಹಾಕಿದ್ದರು. ಅದೂ ಚುಕ್ಕಿಯ ಹಾಗೇ ಮುದಿನಾಯಿ, ಹತ್ತು ವರ್ಷದ್ದು. ಚುಕ್ಕಿಗೆ ಅದು ಆಗುವುದಿಲ್ಲ, ಅವಳದು ಕವಾಟದ ತೊಂದರೆ, ಅದು ಅಪ್ಪನಿಗೂ ಗೊತ್ತು. ಡಾಕ್ಟರು, 'ಬ್ಯಾಟರಿ ಇನ್ನೂ ಮೂರು ವರ್ಷ ಬರುತ್ತೆ, ಅಲ್ಲೀವರೆಗೂ ನೀವೇ ಇಟ್ಕೊಳ್ಳಿ' ಅಂದರು.

ಮನೆಗೆ ಬಂದ ರಾತ್ರಿ ಡೈರಿ ನೋಡಿದೆ. ಚುಕ್ಕಿಯ ಲೆಕ್ಕದ ಪುಟದಲ್ಲೇ ಅಪ್ಪ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು: 'ನನ್ನ ಮಶೀನು ತೆಗೆಸಿ ನಾಯಿ ಡಾಕ್ಟರಿಗೆ ಕೊಡುವುದು. ಮರೆಯಬಾರದು.' ಅದರ ಕೆಳಗಿನ ಸಾಲಿನಲ್ಲಿ ಆವತ್ತಿನ ತಾರೀಕು, ಒಂಬತ್ತೂವರೆ, 27.