ಮೊಲದ ಚರ್ಮ

27 ಜನವರಿ 2025, ಸೋಮವಾರ

ಇವತ್ತಿಗೆ ಸರಿಯಾಗಿ ನೂರು ವರ್ಷ. 1925ರ ಜನವರಿ 27ರ ರಾತ್ರಿ ಅಲಾಸ್ಕದ ನೆನಾನಾ ರೈಲು ನಿಲ್ದಾಣದಿಂದ ಬಿಲ್ ಶ್ಯಾನನ್ ಎಂಬುವವನು ಒಂಬತ್ತು ನಾಯಿ ಕಟ್ಟಿದ ಸ್ಲೆಡ್ಜಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಹೊರಟ. ಅದರೊಳಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾದ ಔಷಧಿ ಇತ್ತು. ಪಶ್ಚಿಮ ಕರಾವಳಿಯ ನೋಮ್ ಊರಿನಲ್ಲಿ ಮಕ್ಕಳು ಸಾಯುತ್ತಿದ್ದರು. ಅಲ್ಲಿದ್ದ ಡಾಕ್ಟರ್ ಕರ್ಟಿಸ್ ವೆಲ್ಚ್ ಅವರ ಬಳಿಯ ಔಷಧಿಯ ಅವಧಿ ಮುಗಿದಿತ್ತು. ಸಮುದ್ರ ಹೆಪ್ಪುಗಟ್ಟಿದ್ದರಿಂದ ಹಡಗು ಬರುವಂತಿರಲಿಲ್ಲ. ಉಳಿದದ್ದು ನಾಯಿಗಳ ದಾರಿ, 1,085 ಕಿಲೋಮೀಟರ್.

20 ಮಂದಿ, ಸುಮಾರು 150 ನಾಯಿಗಳು. ಒಬ್ಬನಿಂದ ಇನ್ನೊಬ್ಬನ ಕೈಗೆ ಪೊಟ್ಟಣ ದಾಟಿಸುತ್ತಾ ಐದೂವರೆ ದಿನದಲ್ಲಿ ತಲುಪಿಸಿದರು. ಹೆಸರಿಗೆ ಇದು ಗುಂಪಿನ ಕೆಲಸ. ಆದರೆ ಕತ್ತಲಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ, ಪ್ರತಿಯೊಬ್ಬನೂ ತನ್ನ ಪಾಲಿನ ದಾರಿಯಲ್ಲಿ ಒಬ್ಬನೇ ಇದ್ದ. ಜೊತೆಗಿದ್ದದ್ದು ನಾಯಿಗಳು ಮಾತ್ರ.

ಈ ಕಥೆಯಲ್ಲಿ ಬಾಲ್ಟೊ ಮತ್ತು ಟೋಗೊ ಎಂಬ ನಾಯಿಗಳ ಹೆಸರು ಎಲ್ಲರಿಗೂ ಗೊತ್ತು. ನನಗೆ ಈ ವಾರ ಪೂರ್ತಿ ಕಾಡುತ್ತಿರುವವನು ಚಾರ್ಲಿ ಇವಾನ್ಸ್.

ಜನವರಿ 30ರ ಬೆಳಗಿನ ಜಾವ ಬಿಷಪ್ ಮೌಂಟನ್ ಎಂಬಲ್ಲಿ ಇವಾನ್ಸ್ ಪೊಟ್ಟಣ ತೆಗೆದುಕೊಂಡ. ಮೈನಸ್ 52 ಡಿಗ್ರಿ ಚಳಿ. ನುಲಾಟೊಗೆ ಹೋಗಬೇಕು, 48 ಕಿಲೋಮೀಟರ್. ಕೊಯುಕುಕ್ ನದಿಯ ನೀರು ಒಂದು ಕಡೆ ಮಂಜುಗಡ್ಡೆ ಒಡೆದು ಮೇಲೆ ಹರಿದಿತ್ತು. ಅಂಥ ಚಳಿಯಲ್ಲಿ ನೀರು ಗಾಳಿಗೆ ತೆರೆದುಕೊಂಡರೆ ದಟ್ಟ ಹಿಮಮಂಜು ಏಳುತ್ತದೆ. ಆ ಮಂಜಿನಲ್ಲಿ ದಾರಿ ಹುಡುಕುವ ಕೆಲಸವನ್ನು ಅವನು ಮುಂದಿನ ಎರಡು ನಾಯಿಗಳಿಗೇ ಬಿಟ್ಟ.

ಆ ಎರಡೂ ಮಿಶ್ರ ತಳಿಯ, ಗಿಡ್ಡ ಕೂದಲಿನ ನಾಯಿಗಳು. ನಾಯಿಯ ಪಾದಕ್ಕೆ ಚಳಿ ತಡೆಯುವ ಏರ್ಪಾಡು ಇದೆ: ಕೆಳಗಿಳಿಯುವ ಬಿಸಿ ರಕ್ತ ಪಕ್ಕದಲ್ಲೇ ಮೇಲೇರುವ ತಣ್ಣನೆಯ ರಕ್ತಕ್ಕೆ ಬಿಸಿ ಕೊಡುತ್ತದೆ, ಹಾಗಾಗಿ ಮೈ ಬಿಸಿ ಸುಮ್ನೆ ಹಿಮಕ್ಕೆ ಸೋರಿಹೋಗುವುದಿಲ್ಲ. ಹಿಂಗಾಲಿನ ಸಂದಿಯಲ್ಲಿ ಮಾತ್ರ ಕೂದಲು ತೆಳು. ಅದಕ್ಕೇ ಅಲ್ಲಿ ಮೊಲದ ಚರ್ಮ ಕಟ್ಟುತ್ತಿದ್ದರು. ಇವಾನ್ಸ್ ಅವತ್ತು ಅದನ್ನು ಕಟ್ಟಲು ಮರೆತ.

ಎರಡೂ ನಾಯಿಗಳು ದಾರಿಯಲ್ಲೇ ಕುಸಿದವು. ಅವುಗಳ ಜಾಗದಲ್ಲಿ ಅವನೇ ನಿಂತು, ಉಳಿದ ನಾಯಿಗಳ ಜೊತೆ ಸ್ಲೆಡ್ಜ್ ಎಳೆದುಕೊಂಡು ಬೆಳಿಗ್ಗೆ ಹತ್ತಕ್ಕೆ ನುಲಾಟೊ ಮುಟ್ಟಿದ. ಎರಡೂ ನಾಯಿಗಳು ಸತ್ತಿದ್ದವು.

ಅವನನ್ನು ದೂರಲು ನನಗೆ ಮನಸ್ಸೇ ಬರುವುದಿಲ್ಲ. ಅಂಥ ಚಳಿ ಮೊದಲು ಕೈಯನ್ನು ಕಿತ್ತುಕೊಳ್ಳುತ್ತದೆ, ಆಮೇಲೆ ಬುದ್ಧಿಯನ್ನು. ಮೈ ತನ್ನ ರಕ್ತವನ್ನೆಲ್ಲ ಎದೆ ಹೊಟ್ಟೆಯ ಕಡೆ ಎಳೆದುಕೊಳ್ಳುತ್ತದೆ, ಬೆರಳು ಮರಗಟ್ಟುತ್ತವೆ. ಬೆಚ್ಚಗಾಗಲು ಓಡಿದರೆ ಬೆವರು, ನಿಂತರೆ ಆ ಬೆವರೇ ಮಂಜು. ಇದೇ ಓಟದ ಎಡ್ಗರ್ ಕ್ಯಾಲಂಡ್ ಎಂಬ ಹುಡುಗ ಮ್ಯಾನ್ಲಿ ಹಾಟ್ ಸ್ಪ್ರಿಂಗ್ಸ್ ತಲುಪಿದಾಗ ಅವನ ಕೈಗಳು ಸ್ಲೆಡ್ಜಿನ ಹಿಡಿಗೆ ಅಂಟಿಕೊಂಡಿದ್ದವು. ತಂಗುಮನೆಯವನು ಬಿಸಿನೀರು ಸುರಿದು ಬಿಡಿಸಬೇಕಾಯಿತು. ಶ್ಯಾನನ್‌ನ ಮುಖ ಚಳಿಗೆ ಕಪ್ಪಾಗಿತ್ತು. ಇಂಥ ಕೈಗಳಿಂದ ಗಂಟು ಹಾಕಬೇಕು, ಗಂಟು ಬಿಚ್ಚಬೇಕು, ಪ್ರತಿ ನಾಯಿಯ ಕಾಲೂ ನೋಡಬೇಕು. ಎಷ್ಟು ಕಷ್ಟ, ಅಲ್ವಾ?

ನಮಗೆ ಮೈನಸ್ 45 ಅಂದರೆ ನೆನಪಾಗುವುದು ಸಿಯಾಚಿನ್. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಅಲ್ಲಿ ಹಿಮದಡಿ ಆರು ದಿನ ಸಿಕ್ಕಿಕೊಂಡೂ ಜೀವಂತ ಇದ್ದರು. ಸೈನ್ಯದವರು ಹುಡುಕಲು ಕರೆದುಕೊಂಡು ಹೋದದ್ದು ನಾಯಿಗಳನ್ನೇ. ಹನುಮಂತಪ್ಪ ಉಳಿಯಲಿಲ್ಲ. ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಅಲಾಸ್ಕದ ಔಷಧಿ ಫೆಬ್ರವರಿ 2ರ ಬೆಳಗಿನ ಜಾವ ನೋಮ್ ಸೇರಿತು. ಕೊನೆಯ ಹಂತ ಓಡಿಸಿದ ಗುನ್ನಾರ್ ಕಾಸೆನ್‌ನ ಸ್ಲೆಡ್ಜಿನ ಮುಂದಿನ ನಾಯಿ ಬಾಲ್ಟೊಗೆ ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ನಿಂತಿತು. ಎಲ್ಲರಿಗಿಂತ ಜಾಸ್ತಿ ದೂರ ಓಡಿದ್ದು ಟೋಗೊ. ಆಗ ಅದಕ್ಕೆ 12 ವರ್ಷ. ಅದರ ಯಜಮಾನ ಲಿಯೊನಾರ್ಡ್ ಸೆಪ್ಪಾಲನಿಗೆ ಈ ಅನ್ಯಾಯ ಕೊನೆಯವರೆಗೂ ನೋವಾಗಿತ್ತು. ಆ ನೋವು ನ್ಯಾಯವಾದದ್ದೇ. ಆದರೆ ನನ್ನ ಪ್ರಕಾರ ನುಲಾಟೊ ದಾರಿಯಲ್ಲಿ ಬಿದ್ದ ಆ ಎರಡು ನಾಯಿಗಳಿಗೂ ಒಂದು ಕಲ್ಲು ಸಲ್ಲಬೇಕು. ನಡುದಾರಿಯ ಓಟಗಾರರಲ್ಲಿ ಹೆಚ್ಚಿನವರು ಅಲ್ಲಿನ ಮೂಲನಿವಾಸಿ ಅಥಬಾಸ್ಕನ್ ಜನ. ಪತ್ರಿಕೆಗಳು ಅವರನ್ನು ಅಷ್ಟಾಗಿ ವಿಚಾರಿಸಲೇ ಇಲ್ಲ.

1973ರಿಂದ ಅಲ್ಲಿ ಇಡಿಟರಾಡ್ ಎಂಬ ನಾಯಿಬಂಡಿ ಓಟ ನಡೆಯುತ್ತಿದೆ, ಅದೂ ನೋಮ್‌ನಲ್ಲೇ ಮುಗಿಯುತ್ತದೆ. ಅದರ ನಿಯಮಗಳನ್ನು ಇವತ್ತು ಓದಿದೆ. ಪ್ರತಿ ನಾಯಿಗೂ ಎಂಟು ಕಾಲುಚೀಲ ಇರಲೇಬೇಕು, ನಾಯಿಗಳ ಆರೋಗ್ಯ ಬರೆದಿಡುವ ಪುಸ್ತಕವೂ ಇರಬೇಕು. ಗಾಳಿ ಜೋರಾದರೆ ಹೊಟ್ಟೆಗೂ ಸಂದಿಗೂ ಬಟ್ಟೆಯ ಹೊದಿಕೆ ಕಟ್ಟುತ್ತಾರೆ. ಇವಾನ್ಸ್ ಮರೆತ ಮೊಲದ ಚರ್ಮ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ.