ಬಲಗಡೆ ಮಾತ್ರ ಮಸುಕು

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೆಗಲಿಗೆ ಭಾರವಾಗಿ ಬಹಳ ಕಾಲ ಆಗಿತ್ತು. ಕೊನೆಗೂ ದುಡ್ಡು ಕೂಡಿಸಿ, ಜೊತೆಗೇ ಕೊಡುವ ಕಿಟ್ ಲೆನ್ಸ್ ಸಮೇತ ಒಂದು ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಒಳಗೆ ಕನ್ನಡಿ ಇಲ್ಲದ್ದು, ತಗೊಂಡೆ. ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಆದರೆ ಇಷ್ಟು ಬೆಲೆಯ ವಸ್ತುವಿನಲ್ಲಿ ಏನಾದರೂ ಕೆಟ್ಟರೆ, ಎದುರಿಗೆ ನಿಂತು ಕೇಳೋಕೆ ಒಬ್ಬ ಮನುಷ್ಯ ಇರಬೇಕು ಅನ್ನೋದು ನನ್ನ ಹಟ.

ಆವತ್ತು ಸಂಜೆಯೇ ಗಾಂಧಿ ಬಜಾರ್‌ಗೆ ಹೋದೆ. ಹೂವಿನ ಅಂಗಡಿಯ ಎಲ್‌ಇಡಿ ಬಲ್ಬಿನ ಕೆಳಗೆ ಸೈಲೆಂಟ್ ಶಟರ್ ಹಾಕಿ ತೆಗೆದರೆ, ಸೇವಂತಿಗೆ ರಾಶಿಯ ಮೇಲೆಲ್ಲ ಅಡ್ಡಡ್ಡ ಕಪ್ಪು ಪಟ್ಟೆ! ಇದು ಕ್ಯಾಮೆರಾದ ದೋಷ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ಎಷ್ಟೋ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಈ ಸೈಲೆಂಟ್ ಶಟರ್‌ನಲ್ಲಿ, ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಬೆಳಕು ಕುಗ್ಗಿದ ಗಳಿಗೆಯಲ್ಲಿ ಓದಿದ ಸಾಲು ಕಪ್ಪಾಗುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ ವೇಗವನ್ನು 1/100 ಸೆಕೆಂಡಿಗೆ, ಅಂದರೆ ಒಂದು ಪೂರ್ತಿ ಮಿನುಗಿನಷ್ಟು ಹೊತ್ತಿಗೆ, ಇಳಿಸಿದೆ. ಪಟ್ಟೆ ಹೋಯಿತು.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ನೋಡಿದಾಗ ಮಾತ್ರ ಎದೆ ಧಸಕ್ ಅಂದಿತು. ಎಡಗಡೆ ಮಲ್ಲಿಗೆ ಮೊಗ್ಗುಗಳನ್ನು ಎಣಿಸಬಹುದಿತ್ತು. ಬಲಗಡೆ ಅದೇ ದಂಡೆಯ ಮೊಗ್ಗುಗಳು ಒಂದಕ್ಕೊಂದು ಅಂಟಿಕೊಂಡು ಬರೀ ಬಿಳಿ ಗೆರೆ ಆಗಿದ್ದವು. ಎಲ್ಲ ಫೋಟೋದಲ್ಲೂ ಹೀಗೇ.

ಬೆಳಿಗ್ಗೆ ತಾರಸಿಯ ಗೋಡೆಗೆ ಪೇಪರಿನ ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿದೆ, ವರ್ಗೀಕೃತ ಜಾಹೀರಾತು ಇರುವ ಪುಟಗಳೇ. ಅಕ್ಷರ ಅಷ್ಟು ಸಣ್ಣದು ಬೇರೆಲ್ಲಿ ಸಿಗುತ್ತೆ? ಕ್ಯಾಮೆರಾವನ್ನು ಗೋಡೆಗೆ ನೇರ ಹಿಡಿದು, ಲೆನ್ಸಿನ ಕಿಂಡಿಯನ್ನು ಎಫ್8ಕ್ಕೆ ಕಿರಿದು ಮಾಡಿ ತೆಗೆದೆ. ಬಿಸಿಲು ಚೆನ್ನಾಗಿತ್ತು, ಶಟರ್ 1/500ರಲ್ಲಿತ್ತು, ಹಾಗಾಗಿ ಕೈ ಅಲುಗಿತು ಅನ್ನುವ ಹಾಗಿಲ್ಲ. ಎಡಗಡೆ ಒತ್ತಕ್ಷರದ ಕೊಂಬೂ ಸ್ಪಷ್ಟ. ಬಲಗಡೆ ಫೋನ್ ನಂಬರೂ ಓದೋಕಾಗಲ್ಲ.

ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಅದನ್ನೇ ತೆಗೆದೆ. ನಾನು ಓರೆಯಾಗಿ ನಿಂತದ್ದರಿಂದ ಹೀಗಾಗಿದ್ದರೆ ಗೋಡೆಯ ಅದೇ ಬದಿ ಮಸುಕಾಗಬೇಕಿತ್ತು. ಆಗಲಿಲ್ಲ. ಈ ಸಲ ಗೋಡೆಯ ಎಡಬದಿ ಮಸುಕಾಯಿತು. ಅಂದರೆ ದೋಷ ಕ್ಯಾಮೆರಾದ ಜೊತೆಗೇ ತಿರುಗಿತ್ತು.

ಬಾಡಿಯದೋ ಲೆನ್ಸಿನದೋ ಅನ್ನೋದು ಉಳಿದಿತ್ತು. ಮಿರರ್‌ಲೆಸ್‌ನಲ್ಲಿ ಡಿಎಸ್‌ಎಲ್‌ಆರ್‌ನ ಹಾಗೆ ಕನ್ನಡಿಗೆ ಜಾಗ ಬೇಡ, ಲೆನ್ಸ್ ಸೆನ್ಸರ್‌ಗೆ ತುಂಬಾ ಹತ್ತಿರ ಬರುತ್ತದೆ. ಕ್ಯಾನನ್‌ನಲ್ಲಿ ಮೌಂಟ್‌ನಿಂದ (ಲೆನ್ಸ್ ಕೂರುವ ಬಳೆ) ಸೆನ್ಸರ್‌ಗೆ ಇದ್ದ ಅಂತರ 44 ಮಿ.ಮೀ.ನಿಂದ 20ಕ್ಕೆ ಇಳಿಯಿತು, ನಿಕಾನ್‌ನಲ್ಲಿ 46.5ರಿಂದ 16ಕ್ಕೆ. ಹೀಗಾಗಿ ನಡುವೆ ಅಡಾಪ್ಟರ್ ಹಾಕಿ ಹಳೆಯ ಲೆನ್ಸ್ ಕೂರಿಸಬಹುದು. ನನ್ನ ಹಳೆಯ ಲೆನ್ಸ್ ಹಾಕಿದೆ. ಪೇಪರಿನ ಎರಡೂ ಅಂಚು ಚೊಕ್ಕವಾಗಿ ಬಂದವು. ಕಿಟ್ ಲೆನ್ಸಿನ ಒಳಗೆ ಯಾವುದೋ ಗಾಜು ವಾಲಿದೆ ಅನ್ನೋದು ಖಾತ್ರಿಯಾಯಿತು.

ಅಂಗಡಿಯಲ್ಲಿ ಕೌಂಟರಿನ ಹುಡುಗ ಫೋಟೋ ನೋಡಿ, "ಕಿಟ್ ಲೆನ್ಸ್ ಅಲ್ವಾ ಸರ್, ಮೂಲೆ ಸ್ವಲ್ಪ ಸಾಫ್ಟೇ ಇರುತ್ತೆ" ಅಂದ.

"ನಾಲ್ಕೂ ಮೂಲೆ ಒಂದೇ ಥರ ಇದ್ರೆ ಸರಿ ಕಣಪ್ಪಾ. ಒಂದೇ ಕಡೆ ಯಾಕೆ?"

"ಸರ್ವೀಸ್ ಸೆಂಟರ್‌ಗೆ ಕಳಿಸ್ತೀವಿ ಸರ್, ಅವರು ಸರಿ ಮಾಡ್ಕೊಡ್ತಾರೆ."

ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಹೊಸದು ಅಂತ ದುಡ್ಡು ಕೊಟ್ಟವನಿಗೆ ಹೊಸದೇ ಸಿಗಬೇಕು. ಬಿಚ್ಚಿ ರಿಪೇರಿ ಮಾಡಿದ್ದು ಹೊಸದು ಹೇಗಾಗುತ್ತೆ? ಯಜಮಾನರನ್ನೇ ಕರೆಸಿದೆ. ದನಿ ಏರಿಸಲಿಲ್ಲ. ನೇರ ಹಿಡಿದ ಫೋಟೋ, ತಲೆಕೆಳಗಿನದು, ಹಳೆಯ ಲೆನ್ಸಿನದು, ಒಂದಾದ ಮೇಲೊಂದು ತೋರಿಸಿದೆ. ತಲೆಕೆಳಗಿನ ಫೋಟೋ ನೋಡಿದ ಮೇಲೆ ಅವರು ವಾದ ಮಾಡಲಿಲ್ಲ. "ಇನ್ನೊಂದು ಪೀಸ್ ತೆಗಿಯೋ" ಅಂದರು.

ಎರಡನೆಯದನ್ನು ಅಲ್ಲೇ ಪರೀಕ್ಷೆ ಮಾಡಿದೆ. ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನು ಚೌಕಟ್ಟಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಟ್ಟು, ತಲೆಕೆಳಗೂ ಮಾಡಿ ತೆಗೆದೆ. ರಾಹುಕಾಲದ ಸಣ್ಣ ಅಂಕಿಗಳು ಎಲ್ಲ ಕಡೆಯೂ ಓದೋಕೆ ಬಂದವು. ಹಿಂದೆ ಇಬ್ಬರು ಗ್ರಾಹಕರು ಕಾಯುತ್ತಿದ್ದರು, ಆದರೂ ಅವಸರ ಮಾಡಲಿಲ್ಲ. ಹೊಸ ಲೆನ್ಸಿನ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಬರೆಸಿ, ಸೀಲು ಹಾಕಿಸಿಕೊಂಡು ಹೊರಟೆ.